ಮಗನ ತೂಕ ಇಳಿಸಲು ಅತ್ತೆಯನ್ನೂ ಸೇರಿಸಿಕೊಳ್ಳಲೇಬೇಕಾ?

ಡಾಕ್ಟರು ಮನೆಯವರೆಲ್ಲ ಬನ್ನಿ ಅಂದಿದ್ದಾರೆ, ಅತ್ತೆ ಒಪ್ಪಲ್ಲ, ಅವರಿಗೆ ಗೊತ್ತಾಗದ ಹಾಗೆ ಒಂಬತ್ತು ವರ್ಷದ ಮಗನಿಗೆ ಡಯೆಟ್ ಮಾಡಿಸಬಹುದಾ ಎಂದು ಕೇಳಿದ್ದೀರಿ. ಆಗಲ್ಲ. ನಾನು ಅದನ್ನೇ ಮಾಡಲು ಹೋಗಿ ಮಗಳನ್ನು ಸುಮ್ನೆ ನೋಯಿಸಿದೆ.

ನಮ್ಮದು ದಾವಣಗೆರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳು ಆಗ ನಾಲ್ಕನೇ ಕ್ಲಾಸು. ಶಾಲೆ ಬಿಟ್ಟಾಗಿನಿಂದ ನಾವು ಮನೆ ಸೇರುವ ತನಕ ಅವಳು ಅಜ್ಜಿ ಹತ್ತಿರ. ಬಂದ ಕೂಡಲೇ ದೊಡ್ಡ ಲೋಟದ ತುಂಬ ಹಾಲು, ಅದಕ್ಕೆ ಡಬ್ಬಿ ಪುಡಿ, ಮೇಲೆ ಸಕ್ಕರೆ. ಆಮೇಲೆ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. "ಬೆಳೆಯೋ ಕೂಸು, ಉಣ್ಣಲಿ ಬಿಡು" ಎನ್ನುವುದು ಅತ್ತೆಯ ಮಾತು.

ಡಾಕ್ಟರ ಹತ್ತಿರ ನಾನು, ಮಗಳು ಇಬ್ಬರೇ ಹೋದೆವು. ಚಾರ್ಟ್ ತಂದು ಫ್ರಿಜ್ಜಿಗೆ ಅಂಟಿಸಿದೆ. ಅತ್ತೆಗೆ "ಇನ್ನು ಮೇಲೆ ಇವಳಿಗೆ ಇದೇ" ಎಂದೆ, ಅಷ್ಟೇ. ತಪ್ಪಿದ್ದು ಅಲ್ಲೇ. ಸೌಟು ಇದ್ದದ್ದು ಅವರ ಕೈಯಲ್ಲಿ, ಡಾಕ್ಟರ ಮಾತು ಬಿದ್ದದ್ದು ನನ್ನ ಕಿವಿಗೆ. ಅವರಿಗೆ ಅದು ಸೊಸೆಯ ಅಪ್ಪಣೆಯಾಗಿ ಕೇಳಿಸಿತು. ಮಕ್ಕಳನ್ನು ಸಾಕಿ ಬೆಳೆಸಿದವರಿಗೆ "ನಿಮ್ಮ ಕೈಯೂಟದಿಂದಲೇ ಮೊಮ್ಮಗಳು ಕೆಟ್ಟಳು" ಅಂದ ಹಾಗಾಯಿತು. ಅವರು ಜಗಳ ಆಡಲಿಲ್ಲ. ನನ್ನ ಕಣ್ಣು ತಪ್ಪಿಸಿ ಕೊಡತೊಡಗಿದರು. ಅಮ್ಮ ಇದ್ದಾಗ ಒಂದು ಕಾನೂನು, ಅಜ್ಜಿ ಇದ್ದಾಗ ಇನ್ನೊಂದು ಎಂದು ಮಗಳು ಬಲು ಬೇಗ ಕಲಿತಳು. ಸಾಲದ್ದಕ್ಕೆ ಅವಳ ತಟ್ಟೆಯನ್ನೇ ಬೇರೆ ಮಾಡಿದ್ದೆ. ತಮ್ಮ ಪೂರಿ ತಿನ್ನುವಾಗ ಪಕ್ಕದಲ್ಲೇ ಇವಳಿಗೆ ಒಣ ಚಪಾತಿ, ಸೌತೆಕಾಯಿ.

ಒಂದು ದಿನ ಅವಳ ಕಂಪಾಸ್ ಬಾಕ್ಸ್ ತೆಗೆದೆ. ಸ್ಕೇಲಿನ ಅಡಿಯಲ್ಲಿ ಹತ್ತು ರೂಪಾಯಿ ಚಿಪ್ಸ್ ಪ್ಯಾಕೆಟ್ಟುಗಳ ಕವರು, ಉಗುರಿನಷ್ಟು ಸಣ್ಣಗೆ ಮಡಿಸಿ ಒತ್ತಿಟ್ಟಿದ್ದಳು. ಅಷ್ಟು ಸಣ್ಣಗೆ ಮಡಿಸಬೇಕಾದರೆ ನನಗೆ ಎಷ್ಟು ಹೆದರಿರಬೇಕು!

ಆಮೇಲೆ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಸಂಜೆ ಮಗುವಿಗೆ ತಿನ್ನಲು ಕೊಡುವವರು ಯಾರು? ಅವರನ್ನು ಕರೆದುಕೊಂಡು ಬನ್ನಿ." ಅತ್ತೆ ಬಂದರು. ಡಾಕ್ಟರು ಮಗಳ ಜಡೆ ಎತ್ತಿ ಕುತ್ತಿಗೆ ತೋರಿಸಿದರು. ಅಲ್ಲಿ ಕಪ್ಪು ಪಟ್ಟಿ ಇತ್ತು. ಕೊಳೆ ಅಂದುಕೊಂಡು ಅತ್ತೆ ಪ್ರತಿ ವಾರ ಕಡಲೆಹಿಟ್ಟು ಹಾಕಿ ತಿಕ್ಕುತ್ತಿದ್ದರು. "ಇದು ಕೊಳೆ ಅಲ್ಲ ಅಜ್ಜಿ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹೀಗೆ ಕಪ್ಪಾಗಿ ದಪ್ಪ ಆಗುತ್ತೆ." ಅತ್ತೆಗೆ ಸಕ್ಕರೆ ಕಾಯಿಲೆ ಇದೆ. "ನನ್ನ ಕಾಯಿಲೆ ಈ ಕೂಸಿಗೂ ಬರುತ್ತಾ?" ಎಂದು ಕೇಳಿದರು. "ನೀವು ಮನಸ್ಸು ಮಾಡಿದರೆ ತಡೆಯಬಹುದು" ಅಂದರು ಡಾಕ್ಟರು.

ಅವತ್ತಿಂದ ಅಡುಗೆಮನೆಯನ್ನು ಬದಲಿಸಿದ್ದು ಅತ್ತೆಯೇ. ಸಂಜೆಗೆ ಹೆಸರುಕಾಳು ಉಸಲಿ, ಬೇಯಿಸಿದ ಶೇಂಗಾ. ಮಿರ್ಚಿ ಹಬ್ಬಕ್ಕೆ ಮಾತ್ರ, ಅದೂ ಎಲ್ಲರಿಗೂ. ರಾತ್ರಿ ಇಡೀ ಮನೆಗೆ ರೊಟ್ಟಿ, ಪಲ್ಯ, ಟಿವಿ ಬಂದ್. ನನ್ನ ಗಂಡ ಪಾರ್ಸೆಲ್ ತರುವುದನ್ನು ಬಿಟ್ಟರು. ಅವರ ಹೊಟ್ಟೆಯೂ ಕರಗಿತು.

ನಮ್ಮ ಮನೆಯಲ್ಲಿ ಮಾತ್ರ ಹೀಗಾಯಿತು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಲೆನರ್ಡ್ ಎಪ್‌ಸ್ಟೀನ್ ಎಂಬ ಸಂಶೋಧಕರ ತಂಡ ತೂಕ ಹೆಚ್ಚಿದ್ದ 6ರಿಂದ 12 ವರ್ಷದ ಮಕ್ಕಳಿಗೆ ಚಿಕಿತ್ಸೆ ಕೊಟ್ಟು, ಹತ್ತು ವರ್ಷ ಬಿಟ್ಟು ನೋಡಿತು. 1990ರಲ್ಲಿ ಅದರ ಫಲಿತಾಂಶ ಬಂತು. ತಂದೆ ಅಥವಾ ತಾಯಿ ಕೂಡ ಮಗುವಿನ ಜೊತೆ ಅಭ್ಯಾಸ ಬದಲಿಸಿಕೊಳ್ಳಬೇಕಿದ್ದ ಗುಂಪಿನಲ್ಲಿ ಮಕ್ಕಳ ಹೆಚ್ಚುವರಿ ತೂಕದ ಶೇಕಡಾ ಪ್ರಮಾಣ, ಅಂದರೆ ಇರಬೇಕಾದ್ದಕ್ಕಿಂತ ತೂಕ ಶೇಕಡಾ ಎಷ್ಟು ಹೆಚ್ಚಿದೆ ಅನ್ನುವ ಲೆಕ್ಕ, 7.5 ಅಂಶ ಇಳಿದಿತ್ತು. ಮಗುವಿನ ಮೇಲೆ ಮಾತ್ರ ಗಮನ ಕೊಟ್ಟ ಗುಂಪಿನಲ್ಲಿ 4.5 ಅಂಶ ಏರಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ಕೊಟ್ಟ ಮಾರ್ಗಸೂಚಿಯೂ ಕುಟುಂಬವನ್ನು ಕೂರಿಸಿಕೊಂಡು 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ಅಭ್ಯಾಸ ಬದಲಿಸುವ ಕೆಲಸ ಮಾಡಿ ಎಂದು ಡಾಕ್ಟರುಗಳಿಗೆ ಹೇಳುತ್ತದೆ. ಒಂದು ಚಾರ್ಟ್ ಕೊಟ್ಟು ಕಳಿಸಿದರೆ ಆಗುವ ಕೆಲಸ ಅಲ್ಲ ಇದು.

ಮಗನಿಗೆ ಯಾವ ಚಾರ್ಟ್ ಒಳ್ಳೆಯದು ಅಂತಲೂ ಕೇಳಿದ್ದೀರಿ. ಅವನೊಬ್ಬನಿಗೇ ಅಂತ ಚಾರ್ಟ್ ಬೇಡ. ತೂಕ ಇಳಿಸಲೇಬೇಕು ಅಂತ ಹಟವೂ ಬೇಡ. ಬೆಳೆಯುವ ಮಗು, ಎಷ್ಟೋ ಮಕ್ಕಳಿಗೆ ತೂಕ ನಿಂತಲ್ಲೇ ನಿಂತು ಎತ್ತರ ಏರಿದರೂ ಸಾಕಾಗುತ್ತದೆ. ನಿಮ್ಮ ಮಗನಿಗೆ ಎಷ್ಟು ಸಾಕು ಅನ್ನುವುದನ್ನು ಡಾಕ್ಟರು ಬೆಳವಣಿಗೆ ಚಾರ್ಟಿನಲ್ಲಿ ಗುರುತು ಹಾಕಿ ಹೇಳುತ್ತಾರೆ. ದಿನಾ ತೂಕದ ಯಂತ್ರದ ಮೇಲೆ ನಿಲ್ಲಿಸಬೇಡಿ. ಡುಮ್ಮ ಅಂತ ಮನೆಯಲ್ಲಿ ಯಾರೂ ಕರೆಯಬಾರದು, ಪ್ರೀತಿಗೂ ಬೇಡ.

ಅತ್ತೆ ಒಪ್ಪಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ, ಅವರನ್ನು ಒಮ್ಮೆಯೂ ಕರೆದಿಲ್ಲ ಅಲ್ವಾ? ಮುಂದಿನ ಸಲ "ನೀವೂ ಬಂದರೆ ನನಗೆ ಧೈರ್ಯ" ಅಂತ ಕೇಳಿ. ಗಂಡನೂ ಬರಲಿ. ಒಳಗೆ ಹೋದ ಮೇಲೆ ನೀವು ಮಾತಾಡಬೇಡಿ, ಡಾಕ್ಟರು ಅತ್ತೆಯ ಜೊತೆ ನೇರವಾಗಿ ಮಾತಾಡಲಿ. ನಿಮ್ಮ ಮಗ ಸಂಜೆ ಏನು ತಿನ್ನುತ್ತಾನೆ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತು.