ಓದುಗರ ಪ್ರಶ್ನೆ: ಯುದ್ಧದ ನೆಲದಲ್ಲಿ ಕಟ್ಟಿದ್ದನ್ನು ಕಾಯುವವರು ಯಾರು?

ಪ್ರಶ್ನೆ: ನಮ್ಮಲ್ಲಿ ಯುದ್ಧವೂ ಇಲ್ಲ, ದಂಗೆಯೂ ಇಲ್ಲ, ಆದರೂ 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಕುಸಿದುಬಿತ್ತು. ಹೀಗಿರುವಾಗ ಅಫ್ಘಾನಿಸ್ತಾನದಂಥ ದೇಶದಲ್ಲಿ ಭಾರತವು ಅಣೆಕಟ್ಟು, ರಸ್ತೆಗಳನ್ನು ಕಟ್ಟಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಲಿಲ್ಲವೇ?
– ನಿವೃತ್ತ ಶಿಕ್ಷಕರು, ಸದಾಶಿವಗಡ, ಕಾರವಾರ

ಉತ್ತರ: ಮಾಸ್ತರರೇ, ತಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧಕ್ಕಾಗಿ ಒಂದೇ ದೇಶದ ಎರಡು ಅಣೆಕಟ್ಟುಗಳನ್ನು ನೋಡೋಣ.

ಹೆರಾತ್ ಪ್ರಾಂತ್ಯದಲ್ಲಿ ಹರಿರೂದ್ ನದಿಗೆ ಅಡ್ಡಲಾಗಿ ಸಲ್ಮಾ ಅಣೆಕಟ್ಟಿನ ಕೆಲಸ ಆರಂಭವಾದದ್ದು 1976ರಲ್ಲಿ. ಆಮೇಲೆ ಬಂದ ಯುದ್ಧಗಳಲ್ಲಿ ಅದು ಅರ್ಧಕ್ಕೇ ನಿಂತುಹೋಗಿತ್ತು. ಭಾರತವು ಅದನ್ನು ಕೈಗೆತ್ತಿಕೊಂಡು ಪೂರ್ಣಗೊಳಿಸಿತು; 2016ರ ಜೂನ್ 4ರಂದು ಅದರ ಉದ್ಘಾಟನೆಯಾಯಿತು. 42 ಮೆಗಾವಾಟ್ ವಿದ್ಯುತ್ತು, 75,000 ಹೆಕ್ಟೇರ್ ಭೂಮಿಗೆ ನೀರು ಎಂಬುದು ಯೋಜನೆಯ ಲೆಕ್ಕ. 2021ರಲ್ಲಿ ತಾಲಿಬಾನ್ ಅಧಿಕಾರ ಹಿಡಿದ ಮೇಲೂ ಅಣೆಕಟ್ಟು ಅಲ್ಲೇ ಇದೆ, ಏಕೆಂದರೆ ಕೆಳಗಿನ ಗದ್ದೆಗಳಿಗೆ ನೀರು ಬೇಕಾಗಿರುವುದು ಯಾವ ಬಾವುಟ ಹಾರಿದರೂ ತಪ್ಪುವುದಿಲ್ಲ. (ನದಿಯ ಕೆಳಭಾಗದಲ್ಲಿರುವ ಇರಾನ್‌ಗೆ ಇದರ ಬಗ್ಗೆ ಅಸಮಾಧಾನವಿದೆ ಎಂಬುದನ್ನೂ ಮರೆಯಬಾರದು, ಒಬ್ಬರಿಗೆ ನೆರವಾದದ್ದು ಮತ್ತೊಬ್ಬರಿಗೆ ತಕರಾರಾಗುವುದು ಈ ಕ್ಷೇತ್ರದಲ್ಲಿ ಹೊಸದೇನಲ್ಲ.)

ಇನ್ನೊಂದು, ಹೆಲ್ಮಂಡ್ ಪ್ರಾಂತ್ಯದ ಕಜಾಕಿ. 2008ರಲ್ಲಿ ಅಲ್ಲಿಗೆ ಒಂದು ಹೊಸ ಟರ್ಬೈನ್ ಸಾಗಿಸಲು ಸುಮಾರು ಎರಡು ಸಾವಿರ ಬ್ರಿಟಿಷ್ ಸೈನಿಕರು ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ ಗುಂಡಿನ ಸುರಿಮಳೆಯ ನಡುವೆ ಕಾವಲು ಹೋದರು. ಟರ್ಬೈನ್ ತಲುಪಿತು. ಆದರೆ ಅದನ್ನು ಕೂರಿಸಲು ಬೇಕಾದ ಸಿಮೆಂಟ್ ತರುವ ದಾರಿಯನ್ನು ಸುರಕ್ಷಿತವಾಗಿ ಉಳಿಸಿಕೊಳ್ಳಲಾಗದೆ, ಯಂತ್ರವು ಬಿಡಿಭಾಗಗಳಾಗಿಯೇ ವರ್ಷಗಟ್ಟಲೆ ಬಿದ್ದಿತ್ತು. ಅದು ಕೂತದ್ದು 2016ರ ಹೊತ್ತಿಗೆ. ಇಂಥ ಕೆಲಸಗಳಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆಂದು ಅಮೆರಿಕ ಇಪ್ಪತ್ತು ವರ್ಷಗಳಲ್ಲಿ 14,500 ಕೋಟಿ ಡಾಲರ್‌ಗೂ ಹೆಚ್ಚು ಹಣ ಮೀಸಲಿಟ್ಟಿತ್ತು; ಬೇಗ ಖರ್ಚು ಮಾಡಿ ತೋರಿಸಬೇಕೆಂಬ ಒತ್ತಡವೇ ಭ್ರಷ್ಟಾಚಾರವನ್ನು ಬೆಳೆಸಿತೆಂದು ಅದರದೇ ವಿಶೇಷ ತನಿಖಾ ಕಚೇರಿ ವರದಿ ಮಾಡಿತು.

ಕುಮಟೆಯ ಕಡೆ ತಾವು ಗಜನಿ ಗದ್ದೆಗಳನ್ನು, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನು, ನೋಡಿರುತ್ತೀರಿ. ಅಘನಾಶಿನಿಯ ಉಪ್ಪುನೀರನ್ನು ತಡೆಯುವ ಕಟ್ಟೆಯ ಬಿರುಕನ್ನು ಮೊದಲು ಕಾಣುವವನು ಅಲ್ಲಿ ಕಗ್ಗ ಭತ್ತ ಬೆಳೆಯುವ ರೈತ, ಎಂಜಿನಿಯರ್ ಅಲ್ಲ. ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ತೂಬಾದ ಜಂತ್ರಡಿಯ ಹಲಗೆಯನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂಬುದನ್ನು ನಿರ್ಧರಿಸುವವರು ಊರಿನವರು. ಅಫ್ಘಾನ್ ಹಳ್ಳಿಗಳಲ್ಲಿ ಕಾಲುವೆಯ ನೀರು ಹಂಚಲು ರೈತರೇ ಆರಿಸುವ ‘ಮಿರಾಬ್’ ಎಂಬ ಹಿರಿಯನೂ ಇದೇ ಬಗೆಯವನು. 2003ರಲ್ಲಿ ಆರಂಭವಾದ ಅಲ್ಲಿನ ರಾಷ್ಟ್ರೀಯ ಏಕತಾ ಕಾರ್ಯಕ್ರಮವು ಈ ತಿಳಿವಳಿಕೆಯ ಹತ್ತಿರ ಬಂದಿತ್ತು: ಹಳ್ಳಿಯವರು ಮಂಡಳಿಯನ್ನು ಚುನಾಯಿಸಬೇಕು, ಬಾವಿಯೋ ಕಾಲುವೆಯೋ ಶಾಲೆಯೋ ಎಂಬುದನ್ನು ಅವರೇ ತೀರ್ಮಾನಿಸಬೇಕು, ವೆಚ್ಚದ ಕನಿಷ್ಠ ಹತ್ತನೆಯ ಒಂದು ಭಾಗವನ್ನು ಹಣವಾಗಿಯೋ ದುಡಿಮೆಯಾಗಿಯೋ ಅವರೇ ಹಾಕಬೇಕು. ಆ ಹತ್ತನೆಯ ಒಂದು ಭಾಗವೇ ನನ್ನ ಮಟ್ಟಿಗೆ ಉಳಿದ ಒಂಬತ್ತಕ್ಕಿಂತ ತೂಕದ್ದು. ತಾನು ಕಲ್ಲು ಹೊತ್ತು ಕಟ್ಟಿದ ಕಾಲುವೆಯನ್ನು ಒಡೆಯಲು ಬಂದವನೊಡನೆ ರೈತ ಮಾತಿಗೆ ನಿಲ್ಲುತ್ತಾನೆ. ಬಂದವನು ಎಷ್ಟೋ ಸಲ ಅವನ ನೆಂಟನೇ ಆಗಿರುತ್ತಾನೆ.

ತಮ್ಮ ಕಾಳಿ ಸೇತುವೆಗೆ ಅಂಥ ಕಾವಲುಗಾರ ಯಾರಿದ್ದ ಎಂಬ ಪ್ರಶ್ನೆಯನ್ನು ತಮಗೇ ಬಿಡುತ್ತೇನೆ.

ಪ್ರಶ್ನೆ: ನನ್ನ ಮಗಳು ನರ್ಸ್. ದಕ್ಷಿಣ ಸುಡಾನ್‌ನಲ್ಲಿ ಕೆಲಸ ಮಾಡುವ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಗೆ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. ಒಪ್ಪಬಹುದೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಅಮ್ಮಾ, ಅಪಾಯವಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. 2011ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ 2013ರ ಡಿಸೆಂಬರ್‌ನಲ್ಲೇ ಅಂತರ್ಯುದ್ಧ ಹೊತ್ತಿಕೊಂಡಿತು. ಆಸ್ಪತ್ರೆಯೆಂಬುದೂ ರಕ್ಷಣೆಯಲ್ಲ: 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ನಡೆಸಿದ ದಾಳಿಯಲ್ಲಿ 42 ಜನ ಸತ್ತರು. ಆದರೆ ಇಂಥ ಕೆಲಸದಲ್ಲಿ ಜೀವ ತೆರುವವರಲ್ಲಿ ಬಹುಪಾಲು ಮಂದಿ ಆಯಾ ದೇಶದವರೇ ಆಗಿದ್ದಾರೆ, ಹೊರಗಿನಿಂದ ಹೋದವರಲ್ಲ. ಸುದ್ದಿಯಲ್ಲಿ ಅವರ ಹೆಸರು ಬರುವುದು ಅಪರೂಪ.

ಮಗಳು ಅರ್ಜಿ ಹಾಕುವ ಮೊದಲು ಮೂರು ವಿಷಯಗಳನ್ನು ಲಿಖಿತವಾಗಿ ಕೇಳಲಿ. ಪರಿಸ್ಥಿತಿ ಕೆಟ್ಟರೆ ಸಿಬ್ಬಂದಿಯನ್ನು ಹೊರತರುವ ನಿರ್ಧಾರ ಯಾರದು? ವಿಮೆ ಯುದ್ಧದ ಗಾಯಗಳಿಗೂ ಅನ್ವಯಿಸುತ್ತದೆಯೇ? ‘ಬೇಡ, ಮರಳುತ್ತೇನೆ’ ಎಂದರೆ ದಂಡವಿಲ್ಲದೆ ಮರಳಬಹುದೇ? ಒಳ್ಳೆಯ ಸಂಸ್ಥೆಗಳು ಕೆಲಸ ಕೊಡಲು ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ. ಯಾವನಾದರೂ ಏಜೆಂಟ್ ‘ಸೀಟು ಕಾದಿರಿಸಲು’ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಮತ್ತೊಂದು, ಹೊರಗಿನಿಂದ ಹೋದ ನರ್ಸ್‌ಗೆ ಅಲ್ಲಿ ಹೆಚ್ಚಾಗಿ ಸಿಗುವುದು ಅಲ್ಲಿನ ನರ್ಸ್‌ಗಳಿಗೆ ಕಲಿಸುವ, ಔಷಧದ ದಾಸ್ತಾನು ನೋಡಿಕೊಳ್ಳುವ ಕೆಲಸ. ಹಾಗಾಗಿ ಇಲ್ಲಿನ ಆಸ್ಪತ್ರೆಯಲ್ಲಿ ಕನಿಷ್ಠ ಎರಡು ವರ್ಷ ದುಡಿದು, ವಾರ್ಡ್‌ನ ಹೊಣೆಯನ್ನೂ ಹೊತ್ತು ಹೋಗಲಿ. ಅಷ್ಟರಲ್ಲಿ ತಾವೂ ಅವಳೊಡನೆ ಕೂತು ಆ ದೇಶದ ನಕ್ಷೆಯನ್ನೊಮ್ಮೆ ಬಿಡಿಸಿ ನೋಡಿ.