ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಕಡತದ ಫಂಕ್ಷನ್ ಅನ್ನು ಇನ್ನೊಂದು ಕಡತದಲ್ಲಿ ಬಳಸುವುದು ಹೇಗೆ?

ನಿಮ್ಮ ಎಸ್‌ಆರ್‌ಸಿ ಫೋಲ್ಡರಿನಲ್ಲಿ ಮೇನ್.ಆರ್‌ಎಸ್, ಯುಟಿಲ್ಸ್.ಆರ್‌ಎಸ್ ಮತ್ತು ರಿಪೋರ್ಟ್.ಆರ್‌ಎಸ್ ಎಂಬ ಮೂರು ಕಡತಗಳಿದ್ದು, ರಿಪೋರ್ಟ್‌ನ ಮೇಲ್ತುದಿಯಲ್ಲಿ 'ಮಾಡ್ ಯುಟಿಲ್ಸ್;' ಎಂದು ಬರೆದಾಗ, ಪಕ್ಕದಲ್ಲೇ ಇರುವ ಕಡತ ಸಿಗುತ್ತಿಲ್ಲವೆಂದು ಕಂಪೈಲರ್ ಇ0583 ದೋಷ ಕೊಡುವುದೇಕೆ ಎಂದು ಕೇಳಿದ್ದೀರಿ.

'ಮಾಡ್' ಎಂಬುದನ್ನು ಸಿ ಭಾಷೆಯ ಇನ್‌ಕ್ಲೂಡ್‌ನಂತೆಯೋ ಪೈಥಾನಿನ ಇಂಪೋರ್ಟ್‌ನಂತೆಯೋ ತಿಳಿದರೆ ಈ ತೊಡಕು ಬರುತ್ತದೆ. (ಅದು ನಮ್ಮ 'ಮಾಡು' ಕೂಡ ಅಲ್ಲ, ಮಾಡ್ಯೂಲ್ ಎಂಬುದರ ಮೊಟಕು.) ಅದು ಕಡತವನ್ನು ತರಿಸಿಕೊಳ್ಳುವ ಆದೇಶವಲ್ಲ; ಈ ಹೆಸರಿನ ಮಾಡ್ಯೂಲ್ ನನ್ನ ಕೆಳಗಿದೆ ಎಂಬ ಘೋಷಣೆ. ಕಂಪೈಲರ್ ತಾನಾಗಿ ಫೋಲ್ಡರನ್ನು ಜಾಲಾಡುವುದಿಲ್ಲ, ಮೇನ್.ಆರ್‌ಎಸ್‌ನಿಂದ ಹೊರಟು ಈ ಘೋಷಣೆಗಳ ಜಾಡು ಹಿಡಿದೇ ಸಾಗುತ್ತದೆ. ನೀವು ರಿಪೋರ್ಟ್‌ನೊಳಗೆ ಘೋಷಿಸಿದ್ದರಿಂದ ಅದು ಎಸ್‌ಆರ್‌ಸಿ/ರಿಪೋರ್ಟ್/ಯುಟಿಲ್ಸ್.ಆರ್‌ಎಸ್ ಎಂಬ ಕಡತವನ್ನು ಹುಡುಕಿತು.

ಆದ್ದರಿಂದ 'ಮಾಡ್ ಯುಟಿಲ್ಸ್;' ಮತ್ತು 'ಮಾಡ್ ರಿಪೋರ್ಟ್;' ಎಂಬ ಎರಡೂ ಸಾಲುಗಳನ್ನು ಮೇನ್.ಆರ್‌ಎಸ್‌ನಲ್ಲಿ ಒಂದೊಂದೇ ಸಲ ಬರೆಯಿರಿ. ರಿಪೋರ್ಟ್‌ನಲ್ಲಿ 'ಯೂಸ್ ಕ್ರೇಟ್::ಯುಟಿಲ್ಸ್::' ಎಂದು ಬರೆದು ಮುಂದೆ ಫಂಕ್ಷನ್ನಿನ ಹೆಸರು ಸೇರಿಸಿದರೆ ಸಾಕು. (ಕ್ರೇಟ್ ಎಂದರೆ ಕಂಪೈಲರ್ ಒಟ್ಟಾಗಿ ಕಂಪೈಲ್ ಮಾಡುವ ಇಡೀ ಘಟಕ; ಇಲ್ಲಿ ಮೇನ್.ಆರ್‌ಎಸ್‌ನಿಂದ ಹೊರಡುವ ನಿಮ್ಮ ಪ್ರೋಗ್ರಾಂ.) ಆ ಫಂಕ್ಷನ್ನಿಗೆ 'ಪಬ್' ಎಂಬ ಗುರುತಿರಬೇಕು, ಇಲ್ಲವಾದರೆ ಅದು ಖಾಸಗಿ ಎಂದು ಇ0603 ದೋಷ ಬರುತ್ತದೆ. ಹಲವು ಫೀಲ್ಡ್‌ಗಳನ್ನು ಒಟ್ಟಿಗಿಡುವ ಸ್ಟ್ರಕ್ಟ್ ಎಂಬ ಟೈಪ್ ಆದರೆ ಅದರ ಒಂದೊಂದು ಫೀಲ್ಡಿಗೂ ಪ್ರತ್ಯೇಕವಾಗಿ 'ಪಬ್' ಬೇಕೆಂಬುದನ್ನು ಹಲವರು ಮರೆಯುತ್ತಾರೆ.

ಇ0583 ದೋಷದ ಜೊತೆಗೆ ಬರುವ ಸಲಹೆಯ ಬಗ್ಗೆ ಎಚ್ಚರವಿರಲಿ. ಇಂಥ ಜಾಗದಲ್ಲಿ ಕಡತವೊಂದನ್ನು ಸೃಷ್ಟಿಸಿ ಎಂದು ಅದು ಹೇಳುತ್ತದೆ. ಕಲಿಯುವ ಕಾಲದಲ್ಲಿ ನಾನು ಅದನ್ನು ನಂಬಿ, ಕಡತದ ನಕಲೊಂದನ್ನು ಅಲ್ಲಿಟ್ಟೆ. ದೋಷವೇನೋ ಹೋಯಿತು, ಆದರೆ ಒಂದೇ ಹೆಸರಿನ ಎರಡು ಮಾಡ್ಯೂಲ್‌ಗಳು ಹುಟ್ಟಿಕೊಂಡವು. ಒಂದರ ಸ್ಟ್ರಕ್ಟನ್ನು ಇನ್ನೊಂದರ ಫಂಕ್ಷನ್ನಿಗೆ ಕೊಟ್ಟಾಗ, ಅಕ್ಷರಶಃ ಒಂದೇ ಆಗಿದ್ದ ಎರಡು ಟೈಪ್‌ಗಳು ಹೊಂದುವುದಿಲ್ಲವೆಂದು ಇ0308 ದೋಷ ಬಂದು, ಅರ್ಧ ದಿನ ಅದರಲ್ಲೇ ಕಳೆಯಿತು.

ಹಳೆಯ ಪಾಠಗಳಲ್ಲಿ ಕಾಣುವ ಮಾಡ್.ಆರ್‌ಎಸ್ ಕಡತ ನಿಮಗೆ ಬೇಕಿಲ್ಲ. ಉಪಮಾಡ್ಯೂಲ್‌ಗಳಿರುವ ಮಾಡ್ಯೂಲ್‌ಗೆ ಅದು ಕಡ್ಡಾಯವಾಗಿದ್ದುದು 2018ರಲ್ಲಿ ಬಂದ 1.30 ಆವೃತ್ತಿಗಿಂತ ಮೊದಲು. ಈಗ ರಿಪೋರ್ಟ್.ಆರ್‌ಎಸ್, ರಿಪೋರ್ಟ್/ಮಾಡ್.ಆರ್‌ಎಸ್ ಎಂಬ ಎರಡೂ ಬಗೆ ನಡೆಯುತ್ತದೆಯಾದರೂ ಒಂದೇ ಮಾಡ್ಯೂಲ್‌ಗೆ ಎರಡನ್ನೂ ಇಟ್ಟರೆ ಕಂಪೈಲರ್ ಒಪ್ಪುವುದಿಲ್ಲ.

ಮುಂದೆ ಎಸ್‌ಆರ್‌ಸಿ/ಬಿನ್ ಫೋಲ್ಡರಿನಲ್ಲಿ ಎರಡನೆಯ ಪ್ರೋಗ್ರಾಂ ಬರೆದು, ಅದಕ್ಕೂ ಯುಟಿಲ್ಸ್ ಬೇಕಾದರೆ, ಘೋಷಣೆಯನ್ನು ಲೈಬ್ರರಿಯ ಮೂಲ ಕಡತವಾದ ಎಸ್‌ಆರ್‌ಸಿ/ಲಿಬ್.ಆರ್‌ಎಸ್‌ಗೆ 'ಪಬ್ ಮಾಡ್ ಯುಟಿಲ್ಸ್;' ಎಂದು ವರ್ಗಾಯಿಸಿ. ಆಗ ಮೇನ್.ಆರ್‌ಎಸ್ ಕೂಡ ಬೇರೊಂದು ಕ್ರೇಟ್ ಆಗುವುದರಿಂದ, ಅಲ್ಲಿ 'ಕ್ರೇಟ್' ಎನ್ನುವ ಬದಲು ಪ್ರಾಜೆಕ್ಟಿನ ವಿವರಗಳ ಕಡತವಾದ ಕಾರ್ಗೋ.ಟಾಮಲ್‌ನಲ್ಲಿರುವ ಪ್ಯಾಕೇಜಿನ ಹೆಸರನ್ನು ಬರೆಯಬೇಕು. ಹೆಸರಿನಲ್ಲಿ ಅಡ್ಡಗೆರೆ (-) ಇದ್ದರೆ ಅದರ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿ.