ಡಿಎಸ್‌ಎಲ್‌ಆರೋ, ಕಾಂಪ್ಯಾಕ್ಟೋ? ಎರಡನೇ ಲೆನ್ಸ್ ಕೊಳ್ಳುವಿರಾ ಎಂಬುದೇ ಮೊದಲ ಪ್ರಶ್ನೆ

ಕ್ಯಾಮೆರಾ ಕೊಳ್ಳುವ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಉತ್ತರ. (ಡಿಎಸ್‌ಎಲ್‌ಆರ್ ಎಂದರೆ ಒಳಗೆ ಕನ್ನಡಿಯಿದ್ದು, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಕಾಂಪ್ಯಾಕ್ಟ್ ಎಂದರೆ ಲೆನ್ಸ್ ಬಿಚ್ಚಲಾಗದ ಚಿಕ್ಕ ಕ್ಯಾಮೆರಾ.)

ಪ್ರಶ್ನೆ: ಮಗಳ ಶಾಲೆಯ ಕಾರ್ಯಕ್ರಮ, ಮನೆಯ ಸಮಾರಂಭಗಳ ಜೊತೆಗೆ ರಾತ್ರಿ ಯಕ್ಷಗಾನ ಬಯಲಾಟದ ಫೋಟೊ ತೆಗೆಯುವ ಆಸೆ. ಮೊಬೈಲಿನಲ್ಲಿ ವೇಷದ ಮುಖ ಬೆಳ್ಳಗೆ ಸುಟ್ಟಂತೆ ಬರುತ್ತದೆ, ಕುಣಿತದಲ್ಲಿ ಕೈಕಾಲು ಮಸುಕಾಗುತ್ತದೆ. ಅಂಗಡಿಯವರು ಕ್ಯಾನನ್ 1500ಡಿ ಡಿಎಸ್‌ಎಲ್‌ಆರನ್ನು 18-55 ಕಿಟ್ ಲೆನ್ಸ್ ಜೊತೆ ತೋರಿಸಿದರು. ಸ್ನೇಹಿತರು ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2 ಕಾಂಪ್ಯಾಕ್ಟ್ ಸಾಕು ಎನ್ನುತ್ತಾರೆ. ಯಾವುದು ತೆಗೆದುಕೊಳ್ಳಲಿ?
— ಕುಂದಾಪುರದ ಓದುಗರು

ಉತ್ತರ: ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್ ಬಿಟ್ಟು ಇನ್ನೊಂದು ಲೆನ್ಸ್ ಕೊಳ್ಳುವ ಯೋಚನೆ ಇಲ್ಲದಿದ್ದರೆ ನಿಮ್ಮ ಸ್ನೇಹಿತರು ಹೇಳಿದ್ದೇ ಸರಿ. ಡಿಎಸ್‌ಎಲ್‌ಆರ್ ಎಂದರೆ ಕತ್ತಲಲ್ಲಿ ಚೆನ್ನ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಕಿಟ್ ಲೆನ್ಸಿನ ಮಟ್ಟಿಗೆ ಅದು ನಿಜವಲ್ಲ, ಲೆಕ್ಕ ಹಾಕಿ ನೋಡಿ.

1500ಡಿಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) 22.3 x 14.9 ಮಿ.ಮೀ., ಅಂದರೆ ಸುಮಾರು 332 ಚದರ ಮಿ.ಮೀ. ಜಿ7 ಎಕ್ಸ್‌ನಲ್ಲಿರುವ ‘1 ಇಂಚಿನ’ ಸೆನ್ಸರ್ 13.2 x 8.8 ಮಿ.ಮೀ., 116 ಚದರ ಮಿ.ಮೀ. (ಆ ಹೆಸರು ನಂಬಿ ಅಳೆಯಲು ಹೋಗಬೇಡಿ, ಅದರ ಯಾವ ಬದಿಯೂ ಒಂದು ಇಂಚು ಇಲ್ಲ.) ಸೆನ್ಸರ್ ಮಾತ್ರ ನೋಡಿದರೆ ಡಿಎಸ್‌ಎಲ್‌ಆರ್ ಮೂರು ಪಟ್ಟಿನ ಹತ್ತಿರ ದೊಡ್ಡದು. ಆದರೆ ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಚಿಕ್ಕದು) ಎಫ್ 5.6ಕ್ಕೆ ಕಿರಿದಾಗುತ್ತದೆ. ಜಿ7 ಎಕ್ಸ್ ಪೂರ್ತಿ ಜೂಮಿನಲ್ಲೂ ಎಫ್ 2.8. ಎಫ್ 5.6ಕ್ಕಿಂತ ಎಫ್ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ನಾಲ್ಕು ಪಟ್ಟು ಬೆಳಕು ಮೂರನೇ ಒಂದರಷ್ಟು ಜಾಗದ ಮೇಲೆ ಬಿದ್ದರೆ ಒಟ್ಟು ಲೆಕ್ಕದಲ್ಲಿ ಕಾಂಪ್ಯಾಕ್ಟೇ ತುಸು ಮುಂದೆ. ಮೇಲಾಗಿ ಅದು ಕಿಸೆಗೆ ಇಳಿಯುತ್ತದೆ. ಶಟರ್ ಸದ್ದೂ ಅತಿ ಕಡಿಮೆ. ಶಾಲೆಯ ಸಭಾಂಗಣದಲ್ಲಿ ಡಿಎಸ್‌ಎಲ್‌ಆರಿನ ಕನ್ನಡಿ ಮೇಲೆದ್ದು ಬೀಳುವ ‘ಟಕ್’ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ.

ನಿಮಗೆ ಯಕ್ಷಗಾನವೇ ಮುಖ್ಯವಾದರೆ ಉತ್ತರ ಬದಲಾಗುತ್ತದೆ. ಆಗ 1500ಡಿಗೆ 50 ಮಿ.ಮೀ. ಎಫ್ 1.8 ಎಸ್‌ಟಿಎಂ ಲೆನ್ಸ್ ಸೇರಿಸಿ ಕೊಳ್ಳಿ. ಕ್ಯಾನನ್ನಿನ ಅಗ್ಗದ ಲೆನ್ಸುಗಳಲ್ಲಿ ಅದೊಂದು, ತೂಕ 160 ಗ್ರಾಮ್ ಅಷ್ಟೇ. ಕಿಟ್ ಲೆನ್ಸಿನ 55ರ ತುದಿಗೆ ಹೋಲಿಸಿದರೆ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು ಕೊಡುತ್ತದೆ. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 1/30 ಭಾಗದಲ್ಲಿ ಮಸುಕಾಗುತ್ತಿದ್ದ ಚಿತ್ರವನ್ನು ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1/250ಕ್ಕೆ ಹಿಡಿಯಬಹುದು.

ರಂಗಸ್ಥಳದಿಂದ 6 ಮೀಟರ್ ದೂರ ಕುಳಿತು ಕ್ಯಾಮೆರಾ ಉದ್ದುದ್ದ ಹಿಡಿದರೆ ಈ ಲೆನ್ಸಿನಲ್ಲಿ ಸುಮಾರು 2.7 ಮೀಟರ್ ಎತ್ತರ ತುಂಬುತ್ತದೆ. ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಇಡೀ ವೇಷ ಬರುತ್ತದೆ, ದಿಗಿಣ ಹಾರಿದರೂ ತಲೆ ಕತ್ತರಿಸಿ ಹೋಗುವುದಿಲ್ಲ. ಅಷ್ಟು ದೂರದಲ್ಲಿ ಎಫ್ 1.8ರಲ್ಲೂ ಹಿಂದೆಮುಂದೆ ಸೇರಿ ಒಂದು ಮೀಟರಿನಷ್ಟು ಆಳ ಸ್ಪಷ್ಟ. ಚೌಕಿಯಲ್ಲಿ ಮುಖವರ್ಣಿಕೆ ತೆಗೆಯಲು 2 ಮೀಟರ್ ಹತ್ತಿರ ಹೋದರೆ ಆ ಆಳ ಒಂದು ಗೇಣಿಗೂ ಕಡಿಮೆ. ಅಲ್ಲಿ ಅಪರ್ಚರನ್ನು ಎಫ್ 2.8ಕ್ಕೆ ಕಿರಿದಾಗಿಸಿ, ಕಣ್ಣಿನ ಮೇಲೇ ಫೋಕಸ್ ಇಡಿ.

ಮುಖ ಸುಡುವುದೇಕೆಂದರೆ, ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪಿದ್ದಾಗ ಕ್ಯಾಮೆರಾ ‘ಬೆಳಕು ಸಾಲದು’ ಎಂದು ಭಾವಿಸಿ ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ. ರಂಗಸ್ಥಳದ ದೀಪ ರಾತ್ರಿಯಿಡೀ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಎಂ ಮೋಡ್‌ಗೆ ಹೋಗಿ ನೀವೇ ಅಳತೆ ಕಟ್ಟಿಬಿಡಿ: ಅಪರ್ಚರ್ ಎಫ್ 2.2, ಶಟರ್ 1/320, ಐಎಸ್‌ಒ 1600. ಒಂದು ಚಿತ್ರ ತೆಗೆದು ಕೆನ್ನೆಯ ಬಣ್ಣ ಹಿಗ್ಗಿಸಿ ನೋಡಿ. ಕಪ್ಪಾದರೆ ಐಎಸ್‌ಒ 3200ರವರೆಗೆ ಏರಿಸಿ. ರಭಸದ ಕುಣಿತಕ್ಕೆ 1/500 ಬೇಕು. ಫೋಕಸ್ ಬಿಂದುಗಳು ಒಂಬತ್ತಿದ್ದರೂ ನಡುವಿನದೊಂದೇ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಗುರುತಿಸುವಂಥದ್ದು. ಮಂದ ಬೆಳಕಿನಲ್ಲಿ ಅದನ್ನೇ ಆರಿಸಿಕೊಳ್ಳಿ. ಫ್ಲಾಶ್ ಖಂಡಿತ ಬೇಡ. ಆಭರಣದ ಬೇಗಡೆ ಹೊಳೆದು ಚಿತ್ರ ಕೆಡುತ್ತದೆ, ಅದಕ್ಕಿಂತ ಹೆಚ್ಚಾಗಿ ಕುಣಿಯುತ್ತಿರುವ ಕಲಾವಿದರ ಕಣ್ಣು ಕತ್ತಲೆಗಟ್ಟುತ್ತದೆ.

ಇನ್ನೊಂದು ಮಾತು. 3000ಡಿ ಇನ್ನೂ ಅಗ್ಗ ಎಂದು ಅಂಗಡಿಯವರು ತೋರಿಸಿದರೆ ಬೇಡವೆನ್ನಿ. ಅದರಲ್ಲಿ ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್ಕಿನದು. ಕನ್ನಡಕದ ಪವರ್‌ಗೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಹೊಂದಿಸುವ ಗಾಲಿಯೂ ಇಲ್ಲ.

ಪ್ರಶ್ನೆ: ಕೊಕ್ಕರೆ ಬೆಳ್ಳೂರು, ರಂಗನತಿಟ್ಟಿನಲ್ಲಿ ಹಕ್ಕಿಗಳ ಚಿತ್ರ ತೆಗೆಯಬೇಕು. 40 ಪಟ್ಟು ಜೂಮ್ ಇರುವ ಕ್ಯಾನನ್ ಎಸ್‌ಎಕ್ಸ್740 ಕಾಂಪ್ಯಾಕ್ಟ್ ಇರುವಾಗ 55-250 ಲೆನ್ಸಿನ ಡಿಎಸ್‌ಎಲ್‌ಆರ್ ಏಕೆ ಬೇಕು?
— ಮದ್ದೂರಿನ ಓದುಗರು

ಉತ್ತರ: ಕುಳಿತ ಹಕ್ಕಿಯನ್ನು ದೂರದಿಂದ ಗುರುತಿಸುವುದಷ್ಟೇ ಆಗಬೇಕಿದ್ದರೆ ಬೇಕಿಲ್ಲ, ಕಾಂಪ್ಯಾಕ್ಟೇ ಗೆಲ್ಲುತ್ತದೆ. 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಅದರ ಜೂಮ್ 960 ಮಿ.ಮೀ. ಲೆನ್ಸಿಗೆ ಸಮ. 55-250 ಲೆನ್ಸ್ ಕ್ಯಾನನ್ ಡಿಎಸ್‌ಎಲ್‌ಆರಿನಲ್ಲಿ 400 ಮಿ.ಮೀ.ಗೆ ಸಮ. 24 ಮೆಗಾಪಿಕ್ಸೆಲ್ ಚಿತ್ರವನ್ನು 960ರಷ್ಟು ಹತ್ತಿರ ಕಾಣುವಂತೆ ಕತ್ತರಿಸಿದರೆ ಉಳಿಯುವುದು 4 ಮೆಗಾಪಿಕ್ಸೆಲ್ ಮಾತ್ರ.

ಹಾರುವ ಹಕ್ಕಿಯ ವಿಷಯ ಬೇರೆ. ಎಸ್‌ಎಕ್ಸ್740ಗೆ ವ್ಯೂಫೈಂಡರ್ ಇಲ್ಲ. ತೋಳು ಚಾಚಿ ಹಿಡಿದು, ಬಿಸಿಲಲ್ಲಿ ಮಂಕಾದ ಪರದೆಯ ಮೇಲೆ, 960ರ ಸಣ್ಣ ಕಿಂಡಿಯೊಳಗೆ ಹೆಜ್ಜಾರ್ಲೆಯನ್ನು ಹುಡುಕುವಷ್ಟರಲ್ಲಿ ಅದು ಮರದಾಚೆ ಹೋಗಿರುತ್ತದೆ. ಪೂರ್ತಿ ಜೂಮಿನಲ್ಲಿ ಅಪರ್ಚರ್ ಎಫ್ 6.9, ಸೆನ್ಸರ್ ಬರೀ 28 ಚದರ ಮಿ.ಮೀ. ಹೀಗಾಗಿ ಬೆಳಗಿನ ಎಳೆ ಬೆಳಕಿನಲ್ಲಿ ಐಎಸ್‌ಒ ಏರಿ ಗರಿಯ ಎಳೆಗಳೆಲ್ಲ ಬಳಿದಂತಾಗುತ್ತವೆ. ಬಿಸಿಲೇರಿದ ಮೇಲೆ ತೆಗೆದರೆ ಝಳ ಅಡ್ಡ ಬರುತ್ತದೆ. ಕಾದ ನೆಲದ ಮೇಲಿನ ಗಾಳಿ ನಡುಗುವಾಗ ದೂರದ ಹಕ್ಕಿ ನೀರಿನಡಿ ಇದ್ದಂತೆ ಕಾಣುತ್ತದೆ, ಯಾವ ಲೆನ್ಸೂ ಅದನ್ನು ಸರಿಮಾಡದು.

ನೀವು ಹೇಳಿದ ಎರಡೂ ಜಾಗಗಳಲ್ಲಿ ಹಕ್ಕಿಗಳು ಹತ್ತಿರವೇ ಸಿಗುತ್ತವೆ. ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳಲ್ಲೇ ಗೂಡು, ರಂಗನತಿಟ್ಟಿನಲ್ಲಿ ದೋಣಿಯೇ ನಡುಗಡ್ಡೆಯ ಬಳಿ ಹೋಗುತ್ತದೆ. ಆದ್ದರಿಂದ ನಮ್ಮ ಮತ ಡಿಎಸ್‌ಎಲ್‌ಆರಿಗೆ. ದೋಣಿ ಅಲುಗಾಡುವುದರಿಂದ ಶಟರ್ 1/1000ಕ್ಕಿಂತ ಇಳಿಸಬೇಡಿ. ಫೋಕಸ್ ‘ಎಐ ಸರ್ವೋ’ದಲ್ಲಿರಲಿ (ಚಲಿಸುವ ವಸ್ತುವನ್ನು ಫೋಕಸ್ ಹಿಂಬಾಲಿಸುವ ವಿಧಾನ). ಕಡು ಹಸಿರಿನ ಮುಂದೆ ಬಿಳಿ ಹಕ್ಕಿ ಇದ್ದರೆ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಮೈನಸ್ 2/3ಕ್ಕೆ ಇಳಿಸಿ, ಆಕಾಶದ ಮುಂದೆ ಹಾರುತ್ತಿದ್ದರೆ ಪ್ಲಸ್ 1ಕ್ಕೆ ಏರಿಸಿ. ಇದನ್ನು ಮರೆತವರ ಚಿತ್ರಗಳಲ್ಲಿ ಬಣ್ಣದ ಕೊಕ್ಕರೆಯ ಮೈ ಒಂದೋ ಸುಣ್ಣದ ಮುದ್ದೆ, ಇಲ್ಲವೇ ಕರಿ ನೆರಳು.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಲೆನ್ಸಿಗೆ ಬೂಷ್ಟು ಹಿಡಿಯುವುದೆಂದು ಕೇಳಿದ್ದೇನೆ. ಮಲೆನಾಡಿಗೆ ಯಾವ ಕ್ಯಾಮೆರಾ ವಾಸಿ?
— ತೀರ್ಥಹಳ್ಳಿಯ ಓದುಗರು

ಉತ್ತರ: ಎರಡಕ್ಕೂ ಹಿಡಿಯುತ್ತದೆ. ಆದರೆ ಡಿಎಸ್‌ಎಲ್‌ಆರಿಗೆ ಹಿಡಿದರೆ ಲೆನ್ಸ್ ಒಂದನ್ನು ಬಿಚ್ಚಿಸಿ ಶುಚಿ ಮಾಡಿಸಬಹುದು, ಕ್ಯಾಮೆರಾದ ಬಾಡಿ ಉಳಿಯುತ್ತದೆ. ಕಾಂಪ್ಯಾಕ್ಟಿನಲ್ಲಿ ಲೆನ್ಸ್, ಸೆನ್ಸರ್ ಒಂದೇ ಗಂಟು. ಜೊತೆಗೆ ಅದರ ಲೆನ್ಸ್ ಪ್ರತಿ ಸಲ ಹೊರಗೆ ಚಾಚಿ ಒಳಗೆ ಸೇರುವಾಗ ತೇವದ ಗಾಳಿ, ಧೂಳನ್ನು ಎಳೆದುಕೊಳ್ಳುತ್ತದೆ. ಮರಳಿನ ಒಂದು ಕಣ ಕೊಳವೆಯ ಸಂದಿಯಲ್ಲಿ ಸಿಕ್ಕಿದರೂ ಲೆನ್ಸ್ ಅರ್ಧಕ್ಕೇ ನಿಂತು ‘ಲೆನ್ಸ್ ಎರರ್’ ಬರುತ್ತದೆ.

ಯಾವುದನ್ನೇ ಕೊಂಡರೂ ಬ್ಯಾಗಿನಲ್ಲಿಟ್ಟು ಬೀರುವಿಗೆ ಸೇರಿಸಬೇಡಿ. ತೇವ ಹೀರಿದ ಬ್ಯಾಗಿನ ಸ್ಪಂಜೇ ಬೂಷ್ಟಿನ ತವರು. ರಬ್ಬರ್ ಅಂಚಿನ, ಗಾಳಿಯಾಡದ 8-10 ಲೀಟರಿನ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಮ್ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಚಿಕ್ಕ ಮೀಟರ್ ಇಷ್ಟು ಸಾಕು. ಮೀಟರ್ 40ರಿಂದ 50 ಶೇಕಡಾ ತೋರಿಸುತ್ತಿರಲಿ. 60 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಮೊಳೆಯುತ್ತದೆ. ತೀರಾ 30ಕ್ಕಿಂತ ಕೆಳಗೂ ಬೇಡ, ರಬ್ಬರ್ ಒಣಗಿ ಬಿರಿಯುತ್ತದೆ. ನೀಲಿ ಜೆಲ್ ತೇವ ಕುಡಿದಾಗ ಗುಲಾಬಿಯಾಗುತ್ತದೆ. ಆಗ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಅರ್ಧ ಗಂಟೆ ಹುರಿದರೆ ಮತ್ತೆ ನೀಲಿಗೆ ತಿರುಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಯ ಬಾಣಲೆ ಮುಟ್ಟಬೇಡಿ, ಇದಕ್ಕೇ ಒಂದು ಹಳೆಯ ಬಾಣಲೆ ಮೀಸಲಿಡಿ, ಕಿಟಕಿ ತೆರೆದು ಹುರಿಯಿರಿ. ಜೆಲ್ ಬದಲು ಡಬ್ಬಿಗೆ ಅಕ್ಕಿ ಹಾಕುವವರಿದ್ದಾರೆ. ಅಕ್ಕಿ ಹೀರುವ ತೇವ ಅಲ್ಪ, ಅದರ ಹಿಟ್ಟಿನ ಧೂಳು ಲೆನ್ಸಿಗೆ ಹೋಗುತ್ತದೆ.

ತಿಂಗಳಿಗೊಮ್ಮೆ ಲೆನ್ಸ್ ಕಳಚಿ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಧೂಳು ಚುಕ್ಕಿಯಾಗಿ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ. ಜೇಡರ ಬಲೆಯಂತೆ ಅಂಚಿನಿಂದ ಒಳಕ್ಕೆ ಕವಲೊಡೆದ ಎಳೆ ಕಂಡರೆ ಅದು ಬೂಷ್ಟು. ಆ ಲೆನ್ಸನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ, ರಿಪೇರಿಗೆ ಒಯ್ಯಿರಿ. ತಡ ಮಾಡಿದರೆ ಗಾಜಿನ ಮೇಲಿನ ಲೇಪ ತಿಂದು ಕಲೆ ಉಳಿಯುತ್ತದೆ.

ಪ್ರಶ್ನೆ: ಬಳಸಿದ ನಿಕಾನ್ ಡಿ3500 ಅಥವಾ ಕ್ಯಾನನ್ ಡಿಎಸ್‌ಎಲ್‌ಆರ್ ಕೊಳ್ಳುವಾಗ ಏನೇನು ನೋಡಬೇಕು?
— ಹುಬ್ಬಳ್ಳಿಯ ಓದುಗರು

ಉತ್ತರ: ನಿಮ್ಮದೇ ಎಸ್‌ಡಿ ಕಾರ್ಡ್ ಒಯ್ಯಿರಿ. ಈ ದರ್ಜೆಯ ಕ್ಯಾಮೆರಾದ ಶಟರ್ ಸುಮಾರು 1 ಲಕ್ಷ ಹೊಡೆತಕ್ಕೆ ಮಾಡಿದ್ದು. ನಿಕಾನ್ ಆದರೆ ಒಂದು ಚಿತ್ರ ತೆಗೆದು, ಅದರ ಎಕ್ಸಿಫ್ ಮಾಹಿತಿಯನ್ನು (ಫೈಲಿನೊಳಗೆ ಕ್ಯಾಮೆರಾ ದಾಖಲಿಸುವ ವಿವರ) ಕಂಪ್ಯೂಟರಿನಲ್ಲಿ ತೆರೆದರೆ ಶಟರ್ ಎಣಿಕೆ ಸಿಗುತ್ತದೆ. ಕ್ಯಾನನ್ನಿನ ಹೆಚ್ಚಿನ ಮಾದರಿಗಳಲ್ಲಿ ಅದು ಚಿತ್ರದೊಳಗೆ ದಾಖಲಾಗದು, ಪ್ರತ್ಯೇಕ ಸಾಫ್ಟ್‌ವೇರ್ ಅಥವಾ ಸರ್ವಿಸ್ ಸೆಂಟರಿನಲ್ಲಿ ನೋಡಬೇಕು. ಫೈಲಿನ ಹೆಸರಿನ ಸಂಖ್ಯೆ ನಂಬಬೇಡಿ, 9999 ಆದ ಮೇಲೆ ಅದು ಮತ್ತೆ 0001.

ಅಪರ್ಚರ್ ಎಫ್ 22ಕ್ಕೆ ಇಟ್ಟು, ಫೋಕಸ್ ಬೇಕೆಂದೇ ತಪ್ಪಿಸಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕಾಣುವ ಬೂದು ಚುಕ್ಕಿಗಳು ಸೆನ್ಸರ್ ಮೇಲಿನ ಧೂಳು, ಬ್ಲೋವರಿನಿಂದ ಊದಿದರೆ ಸಾಮಾನ್ಯವಾಗಿ ಹೋಗುತ್ತದೆ. ಗೆರೆ ಕಂಡರೆ ಗೀರು, ಕೊಳ್ಳಬೇಡಿ. ಕಿಟ್ ಲೆನ್ಸಿನ ಒಂದು ದೋಷ ಮಾರುವವರಿಗೂ ಗೊತ್ತಿರುವುದಿಲ್ಲ. ಎಫ್ 3.5ರಲ್ಲಿ ಚಿತ್ರ ಸರಿಯಾಗಿ ಬರುತ್ತದೆ, ಎಫ್ 11ಕ್ಕೆ ಇಟ್ಟ ಕೂಡಲೇ ಎರರ್. ಒಳಗಿನ ಅಪರ್ಚರಿಗೆ ಹೋಗುವ ತೆಳು ಪಟ್ಟಿ ಕೇಬಲ್ ಜೂಮ್ ಮಾಡಿ ಮಾಡಿ ಮಡಿಕೆಯಲ್ಲಿ ತುಂಡಾಗಿರುತ್ತದೆ. ಆದ್ದರಿಂದ 18, 35, 55 ಮೂರರಲ್ಲೂ ಎಫ್ 11 ಇಟ್ಟು ಒಂದೊಂದು ಚಿತ್ರ ತೆಗೆಯಿರಿ. ಡಿ3500 ಕೊಂಡರೆ ನೆನಪಿರಲಿ, ಅದರ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರುವ ಲೆನ್ಸ್ ಮಾತ್ರ ತಾನಾಗಿ ಫೋಕಸ್ ಮಾಡುತ್ತದೆ.

ಪ್ರಶ್ನೆ: ಎಲ್ಲರೂ ಮಿರರ್‌ಲೆಸ್ (ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಎನ್ನುತ್ತಿದ್ದಾರೆ. ಈಗ ಡಿಎಸ್‌ಎಲ್‌ಆರಿಗೆ ಹಣ ಹಾಕಿದರೆ ನಷ್ಟವೇ?
— ದಾವಣಗೆರೆಯ ಓದುಗರು

ಉತ್ತರ: 2020ರ ನಂತರ ಕ್ಯಾನನ್, ನಿಕಾನ್ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ ಎಂಬುದು ನಿಜ. ಇದೇ ಕಾರಣಕ್ಕೆ ಬಳಸಿದ ಒಳ್ಳೆಯ ಲೆನ್ಸುಗಳು ಕಡಿಮೆ ಬೆಲೆಗೆ ಸಿಗುತ್ತಿವೆ. ಕಲಿಯುವವರಿಗೆ ಇದು ಲಾಭ. ಕ್ಯಾಮೆರಾದ ಬಾಡಿಯ ಮೇಲೆ ಕಡಿಮೆ, ಲೆನ್ಸಿನ ಮೇಲೆ ಹೆಚ್ಚು ಹಣ ಹಾಕಿ. ಮುಂದೆ ಕ್ಯಾನನ್ನಿನ ಆರ್ ಸರಣಿಯ ಮಿರರ್‌ಲೆಸ್ ಕೊಂಡಾಗ ಇಎಫ್-ಇಒಎಸ್ ಆರ್ ಅಡಾಪ್ಟರ್ ನಡುವೆ ಹಾಕಿದರೆ ಇಂದಿನ 50 ಮಿ.ಮೀ. ಎಸ್‌ಟಿಎಂ, 55-250 ಲೆನ್ಸುಗಳು ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್ನಿನವರಿಗೆ ಎಫ್‌ಟಿಜೆಡ್ ಅಡಾಪ್ಟರ್ ಇದೆ. ಅದರೊಳಗೂ ಫೋಕಸ್ ಮೋಟರ್ ಇಲ್ಲ, ಆದ್ದರಿಂದ ತನ್ನದೇ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ಈಗ ಕೊಂಡಿಡಬೇಡಿ.